ಮಾಡದ ತಪ್ಪನ್ನು ಒಪ್ಪಿಕೊಳ್ಳುವುದೇಕೆ?

ಓದುಗರ ಪ್ರಶ್ನೆ: ಹೊಡೆತ ಬಡಿತಗಳಿಲ್ಲದೆ, ಬರಿಯ ಮಾತಿನ ವಿಚಾರಣೆಯಲ್ಲೇ ನಿರಪರಾಧಿಯೊಬ್ಬ ಕೊಲೆಯಂಥ ಅಪರಾಧವನ್ನು ಒಪ್ಪಿಕೊಂಡ ಎಂದರೆ ನಂಬುವುದು ಹೇಗೆ? ನಾನಾಗಿದ್ದರೆ ಎಂದಿಗೂ ಒಪ್ಪುತ್ತಿರಲಿಲ್ಲ.

ಉತ್ತರ: ಈ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸುವುದು ‘ನಾನಾಗಿದ್ದರೆ’ ಎಂಬ ಮಾತು. ಹಾಗೆ ಹೇಳುವಾಗ ನಾವು ಉಂಡು, ನಿದ್ದೆ ಮಾಡಿ ಎದ್ದು, ನಿಧಾನವಾಗಿ ಯೋಚಿಸಬಲ್ಲ ಸ್ಥಿತಿಯಲ್ಲಿರುತ್ತೇವೆ. ವಿಚಾರಣೆಯ ಕೋಣೆಯಲ್ಲಿ ಕುಳಿತವನಿಗೆ ಆ ಅನುಕೂಲಗಳು ಇರುವುದಿಲ್ಲ. ಅಮೆರಿಕದಲ್ಲಿ ಸುಳ್ಳೆಂದು ಸಾಬೀತಾದ 125 ತಪ್ಪೊಪ್ಪಿಗೆಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಅವಧಿ ಗೊತ್ತಿದ್ದ ಪ್ರಕರಣಗಳಲ್ಲಿ ವಿಚಾರಣೆ ಸರಾಸರಿ 16 ಗಂಟೆಗೂ ಹೆಚ್ಚು ಕಾಲ ನಡೆದಿತ್ತು. ಸಾಮಾನ್ಯ ವಿಚಾರಣೆಗಳು ಎರಡು ಗಂಟೆಯೊಳಗೆ ಮುಗಿಯುತ್ತವೆ. ಅಷ್ಟು ದಣಿದ ಮನಸ್ಸಿಗೆ ಜೈಲು, ಶಿಕ್ಷೆ, ನ್ಯಾಯಾಲಯ ಎಲ್ಲವೂ ದೂರದ ಸಂಗತಿಗಳಾಗುತ್ತವೆ; ಈ ಕೋಣೆಯಿಂದ ಹೊರಗೆ ಹೋಗುವುದೊಂದೇ ಹತ್ತಿರದ್ದು. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ 1989ರಲ್ಲಿ ನಡೆದ ಅತ್ಯಾಚಾರ ಪ್ರಕರಣದಲ್ಲಿ ಹೇಳಿಕೆ ಕೊಟ್ಟ ಹದಿಹರೆಯದ ಹುಡುಗರು, ಹೇಳಿದರೆ ಮನೆಗೆ ಕಳುಹಿಸುತ್ತಾರೆಂದು ತಾವು ಭಾವಿಸಿದ್ದಾಗಿ ಆಮೇಲೆ ವಿವರಿಸಿದರು. ನಿಜವಾದ ಅಪರಾಧಿ ತಾನಾಗಿ ಒಪ್ಪಿಕೊಂಡು, ಅವನ ಡಿಎನ್‌ಎ ಹೊಂದಿಕೆಯಾದ ಮೇಲೆ, 2002ರಲ್ಲಿ ಅವರ ಶಿಕ್ಷೆಗಳು ರದ್ದಾದವು.

ದಣಿವು ಒಂದೇ ಕಾರಣವಲ್ಲ, ಮಾತಿಗೂ ಒಂದು ತಂತ್ರವಿದೆ. ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಅಮೆರಿಕದಲ್ಲಿ ಬಹಳ ಪ್ರಚಾರ ಪಡೆದ ವಿಚಾರಣಾ ಪದ್ಧತಿ ಜಾನ್ ರೀಡ್ ಎಂಬ ಮಾಜಿ ಪೊಲೀಸ್ ಅಧಿಕಾರಿಯ ಹೆಸರಿನಲ್ಲಿದೆ. ಅದರಲ್ಲಿ ತನಿಖಾಧಿಕಾರಿ ಆರಂಭದಲ್ಲೇ ‘ಮಾಡಿದ್ದು ನೀನೇ, ಅನುಮಾನವಿಲ್ಲ’ ಎಂದು ಸಾರುತ್ತಾನೆ, ಶಂಕಿತ ಅಲ್ಲಗಳೆಯಲು ಬಾಯಿ ತೆರೆದಾಗಲೆಲ್ಲ ನಡುವೆಯೇ ತಡೆಯುತ್ತಾನೆ, ಬಳಿಕ ದನಿ ತಗ್ಗಿಸಿ ‘ಅವಳೇ ಕೆರಳಿಸಿರಬೇಕು’, ‘ನಿನ್ನ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು’ ಎಂಬಂಥ ನೆಪಗಳನ್ನು ಒದಗಿಸುತ್ತಾನೆ. ಕೊನೆಗೆ ಎರಡೇ ದಾರಿಗಳುಳ್ಳ ಪ್ರಶ್ನೆ ಬರುತ್ತದೆ: ಮೊದಲೇ ಯೋಚಿಸಿ ಮಾಡಿದೆಯೋ, ಸಿಟ್ಟಿನ ಭರದಲ್ಲಿ ಆಯಿತೋ? ಯಾವುದನ್ನು ಆರಿಸಿದರೂ ತಪ್ಪೊಪ್ಪಿಗೆಯೇ. ಶಿಕ್ಷೆ ಕಡಿಮೆಯಾಗುತ್ತದೆಂದು ಅಧಿಕಾರಿ ಬಾಯಿಬಿಟ್ಟು ಹೇಳಿರುವುದಿಲ್ಲ, ಕೇಳಿದವನು ಹಾಗೆಂದು ಅರ್ಥ ಮಾಡಿಕೊಂಡಿರುತ್ತಾನೆ. ಸ್ವತಃ ರೀಡ್ 1955ರಲ್ಲಿ ನೆಬ್ರಾಸ್ಕದ ವ್ಯಕ್ತಿಯೊಬ್ಬನಿಂದ ಹೆಂಡತಿಯ ಕೊಲೆಯ ತಪ್ಪೊಪ್ಪಿಗೆ ಪಡೆದಿದ್ದ. ಆ ವ್ಯಕ್ತಿ ನಿರಪರಾಧಿಯೆಂದು ರಾಜ್ಯ ಸರ್ಕಾರ ಔಪಚಾರಿಕವಾಗಿ ಒಪ್ಪಿಕೊಳ್ಳುವ ಹೊತ್ತಿಗೆ 2012 ಬಂದಿತ್ತು.

ಇದಕ್ಕೆ ಸುಳ್ಳು ಸಾಕ್ಷ್ಯವೂ ಜೊತೆಯಾದರೆ ಕೆಲವರು ತಮ್ಮ ನೆನಪನ್ನೇ ಅನುಮಾನಿಸತೊಡಗುತ್ತಾರೆ. ‘ನಿನ್ನ ಬೆರಳಚ್ಚು ಸಿಕ್ಕಿದೆ’ ಎಂದು ಇಲ್ಲದ್ದನ್ನು ಹೇಳಿದ ಮಾತ್ರಕ್ಕೆ ತಪ್ಪೊಪ್ಪಿಗೆ ಅಸಿಂಧುವಾಗುವುದಿಲ್ಲವೆಂಬ ನಿಲುವಿಗೆ ಅಮೆರಿಕದಲ್ಲಿ ಸುಪ್ರೀಂ ಕೋರ್ಟಿನ 1969ರ ತೀರ್ಪು ಆಧಾರವಾಗಿದೆ. ಮನೋವಿಜ್ಞಾನಿ ಸಾಲ್ ಕಾಸಿನ್ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕಂಪ್ಯೂಟರಿನ ಒಂದು ಕೀಲಿಯನ್ನು ಮುಟ್ಟಬಾರದೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸಲಾಗಿತ್ತು. ಸ್ವಲ್ಪ ಹೊತ್ತಿಗೆ ಯಂತ್ರ ಕೆಟ್ಟಂತೆ ನಟಿಸಿತು, ಆರೋಪ ಅವರ ಮೇಲೆ ಬಂತು. ಯಾರೂ ಅದನ್ನು ಮುಟ್ಟಿರಲಿಲ್ಲ. ಆದರೂ 69 ಶೇಕಡಾ ಮಂದಿ ತಪ್ಪೊಪ್ಪಿಗೆಗೆ ಸಹಿ ಹಾಕಿದರು, 28 ಶೇಕಡಾ ಮಂದಿ ತಾವೇ ಒತ್ತಿದ್ದೆಂದು ನಂಬಿದರು. ಕೆಲಸದ ವೇಗ ಹೆಚ್ಚಿದ್ದು, ‘ನಾನು ಕಣ್ಣಾರೆ ಕಂಡೆ’ ಎನ್ನುವ ಸುಳ್ಳು ಸಾಕ್ಷಿಯೂ ಇದ್ದ ಗುಂಪಿನಲ್ಲಿ ಸಹಿ ಹಾಕದವರೇ ಇರಲಿಲ್ಲ. ಕೀಲಿಯೊಂದನ್ನು ಒತ್ತುವುದಕ್ಕೂ ಕೊಲೆಗೂ ಅಂತರ ದೊಡ್ಡದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಪ್ರಯೋಗದ ಒತ್ತಡಕ್ಕೂ 16 ಗಂಟೆಗಳ ಒತ್ತಡಕ್ಕೂ ಇರುವ ಅಂತರವೂ ಅಷ್ಟೇ ದೊಡ್ಡದು.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ವಿಚಿತ್ರವಾದ ಕಾರಣ ಬೇರೆಯಿದೆ: ನಿರಪರಾಧಿಯನ್ನು ಸಿಕ್ಕಿಸುವುದು ಅನೇಕ ಸಲ ಅವನ ನಿರಪರಾಧಿತ್ವವೇ. ಮುಚ್ಚಿಡಲು ಏನೂ ಇಲ್ಲದವನು ವಕೀಲರನ್ನು ಕೇಳುವುದಿಲ್ಲ, ಮೌನವಾಗಿರುವುದಿಲ್ಲ, ಹೇಳಿದರೆ ಅರ್ಥವಾಗುತ್ತದೆಂದು ಹೇಳುತ್ತಲೇ ಹೋಗುತ್ತಾನೆ. ಕಾಸಿನ್ ಮತ್ತು ಸಹೋದ್ಯೋಗಿಯ 2004ರ ಅಧ್ಯಯನದಲ್ಲಿ, ಕಳ್ಳತನದ ನಟನೆಯ ಬಳಿಕ ಪೊಲೀಸರೆದುರು ಮೌನವಾಗಿರುವ ಹಕ್ಕನ್ನು ಬಿಟ್ಟುಕೊಟ್ಟವರು ‘ಕದ್ದವರ’ ಪೈಕಿ 36 ಶೇಕಡಾ, ಕದಿಯದವರ ಪೈಕಿ 81 ಶೇಕಡಾ. ‘ರಕ್ತದ ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ, ಫಲಿತಾಂಶ ಬರಲಿದೆ’ ಎಂಬ ಪೊಳ್ಳು ಮಾತು ಅಪರಾಧಿಗೆ ಬೆದರಿಕೆಯಾಗಿ ಕೇಳಿಸಿದರೆ, ನಿರಪರಾಧಿಗೆ ಅಭಯವಾಗಿ ಕೇಳಿಸುತ್ತದೆ. ಈಗ ಸಹಿ ಹಾಕಿ ಈ ಕಿರಿಕಿರಿ ಮುಗಿಸೋಣ, ನಾಳೆ ಫಲಿತಾಂಶ ತನ್ನನ್ನು ಪಾರುಮಾಡುತ್ತದೆ ಎಂದು ಅವನು ಲೆಕ್ಕ ಹಾಕುತ್ತಾನೆ.

ಆ ಲೆಕ್ಕ ತಪ್ಪುವುದು ಕೋಣೆಯ ಹೊರಗೆ. ತಪ್ಪೊಪ್ಪಿಗೆ ಸಿಕ್ಕಿತೆಂದರೆ ತನಿಖೆ ಬಹುಮಟ್ಟಿಗೆ ನಿಲ್ಲುತ್ತದೆ. ಡಿಎನ್‌ಎಯಿಂದ ಸುಳ್ಳೆಂದು ಗೊತ್ತಾದ ತಪ್ಪೊಪ್ಪಿಗೆಗಳಲ್ಲಿ ಹೆಚ್ಚಿನವುಗಳಲ್ಲಿ, ಅಪರಾಧಿಗಲ್ಲದೆ ಬೇರೆಯವರಿಗೆ ತಿಳಿದಿರಲಾರದಂಥ ವಿವರಗಳಿದ್ದವು. ಅವು ಪ್ರಶ್ನೆಗಳ ಮೂಲಕ, ತೋರಿಸಿದ ಚಿತ್ರಗಳ ಮೂಲಕ, ತಪ್ಪು ಹೇಳಿದಾಗ ತಿದ್ದುವ ಮೂಲಕ ಅಧಿಕಾರಿಗಳಿಂದಲೇ ಶಂಕಿತನಿಗೆ ದಾಟಿರಬಹುದು, ದಾಟಿಸಿದವರಿಗೇ ಅದು ನೆನಪಿರಬೇಕೆಂದಿಲ್ಲ.

ಇನ್ನು, ತಪ್ಪು ಮಾಡಿದವರು ಒಪ್ಪಿಕೊಳ್ಳುವುದಕ್ಕೆ ಮುಖ್ಯ ಕಾರಣ ತಮ್ಮ ವಿರುದ್ಧ ಗಟ್ಟಿ ಸಾಕ್ಷ್ಯವಿದೆಯೆಂಬ ನಂಬಿಕೆ ಎಂದು ಸಂಶೋಧನೆಗಳು ಮತ್ತೆ ಮತ್ತೆ ತೋರಿಸಿವೆ. ಹಾಗಿದ್ದರೆ ಮೊದಲು ಸಾಕ್ಷ್ಯ ಕೂಡಿಸಿ ಆಮೇಲೆ ಪ್ರಶ್ನಿಸುವುದೇ ಸರಿ. ಮಾಡದ ತಪ್ಪನ್ನು ಒಪ್ಪಿಕೊಂಡು ವರ್ಷಗಟ್ಟಲೆ ಜೈಲಿನಲ್ಲಿದ್ದವರ ಪ್ರಕರಣಗಳು ಬಯಲಾದ ಮೇಲೆ, ಇಂಗ್ಲೆಂಡ್ 1990ರ ದಶಕದಲ್ಲಿ ಬಾಯಿಬಿಡಿಸುವ ಗುರಿಯನ್ನು ಕೈಬಿಟ್ಟು, ಮಾಹಿತಿ ಸಂಗ್ರಹಿಸುವ ಸಂದರ್ಶನದ ಕ್ರಮಕ್ಕೆ ತನ್ನ ಪೊಲೀಸರನ್ನು ತರಬೇತುಗೊಳಿಸಿತು. ಇಡೀ ವಿಚಾರಣೆಯನ್ನು ದಾಖಲಿಸುವುದು ಇನ್ನೊಂದು ಉಪಾಯ. ಅದರಲ್ಲೂ ಒಂದು ಸೂಕ್ಷ್ಮವಿದೆ: ಕ್ಯಾಮೆರಾ ಶಂಕಿತನ ಮುಖವನ್ನಷ್ಟೇ ತೋರಿಸಿದರೆ, ಅವನು ತಾನಾಗಿಯೇ ಒಪ್ಪಿಕೊಂಡನೆಂದು ನೋಡುಗರು ತೀರ್ಮಾನಿಸುವ ಸಾಧ್ಯತೆ ಹೆಚ್ಚುತ್ತದೆ. ಈ ಕಾರಣಕ್ಕಾಗಿ ನ್ಯೂಜಿಲೆಂಡ್‌ನ ಪೊಲೀಸರು ಪ್ರಶ್ನಿಸುವವರೂ ಉತ್ತರಿಸುವವರೂ ಒಂದೇ ಚೌಕಟ್ಟಿನಲ್ಲಿ ಕಾಣುವಂತೆ ಚಿತ್ರೀಕರಿಸುತ್ತಾರೆ.