ವಸಂತದಲ್ಲಿ ಗಿಡುಗ ಎಣಿಸುವವರು

ಇಟಲಿಯ ದಕ್ಷಿಣ ತುದಿಗೂ ಸಿಸಿಲಿ ದ್ವೀಪಕ್ಕೂ ನಡುವೆ ಇರುವುದು ಮೆಸ್ಸಿನಾ ಜಲಸಂಧಿ. ತೀರಾ ಕಿರಿದಾದ ಕಡೆ ಅಗಲ ಬರೀ 3 ಕಿ.ಮೀ. ಆಫ್ರಿಕಾದಲ್ಲಿ ಚಳಿಗಾಲ ಕಳೆದ ಬೇಟೆ ಹಕ್ಕಿಗಳು ಏಪ್ರಿಲ್, ಮೇ ತಿಂಗಳಲ್ಲಿ ಸಾವಿರಗಟ್ಟಲೆ ಈ ದಾರಿಯಲ್ಲೇ ಯುರೋಪಿಗೆ ಮರಳುತ್ತವೆ. ಮೆಸ್ಸಿನಾ ಊರಿನ ಹಿಂದಿರುವ ಪೆಲೋರಿತಾನಿ ಬೆಟ್ಟಗಳ ಮೇಲೆ ನಿಂತು ಅವನ್ನು ಒಂದೊಂದಾಗಿ ಎಣಿಸುವ ಜನ ಇದ್ದಾರೆ.

ಹೆಚ್ಚಾಗಿ ಬರುವುದು ಜೇನುಗಿಡುಗ. ಇದರ ಏಷ್ಯಾದ ಸೋದರಿಯನ್ನು ನಾವು ಕರ್ನಾಟಕದಲ್ಲೇ ನೋಡುತ್ತೇವೆ, ಹೆಜ್ಜೇನಿನ ಹುಟ್ಟಿಗೆ ಕೈ ಹಾಕುವ ಗಟ್ಟಿಗಿತ್ತಿ ಅದು. ಯುರೋಪಿನದು ಮುಖ್ಯವಾಗಿ ಕಣಜದ ಗೂಡು ಕೆದಕಿ ಮರಿಹುಳು ತಿನ್ನುತ್ತದೆ. ಕಣಜ ಕುಟುಕದಂತೆ ಅದರ ಮುಖದ ಮೇಲೆ ಗಟ್ಟಿಯಾದ, ಒತ್ತೊತ್ತಾದ ಪುಟ್ಟ ಗರಿಗಳಿವೆ.

ಇಷ್ಟು ದೊಡ್ಡ ಆಕಾಶ ಇರುವಾಗ ಇಲ್ಲೇ ಯಾಕೆ ಬರಬೇಕು? ಬಿಸಿಲಿಗೆ ನೆಲ ಕಾಯ್ದರೆ ಅದರ ಮೇಲಿನ ಗಾಳಿ ಬಿಸಿಯಾಗಿ ಮೇಲೇಳುತ್ತದೆ. ಅಗಲ ರೆಕ್ಕೆಯ ಹಕ್ಕಿ ಆ ಗಾಳಿಯೊಳಗೆ ಸುತ್ತು ಹಾಕುತ್ತಾ, ರೆಕ್ಕೆ ಬಡಿಯದೆ ಸುಮ್ನೆ ಮೇಲಕ್ಕೆ ಹೋಗುತ್ತದೆ, ಆಮೇಲೆ ಮುಂದಕ್ಕೆ ಜಾರಿ ಇನ್ನೊಂದು ಬಿಸಿಗಾಳಿ ಹಿಡಿಯುತ್ತದೆ. ಹಗಲಲ್ಲಿ ಸಮುದ್ರ ನೆಲದಷ್ಟು ಕಾಯುವುದಿಲ್ಲ, ಹಾಗಾಗಿ ಅಲ್ಲಿ ಈ ಸವಾರಿ ಸಿಗುವುದು ಕಷ್ಟ. ಟುನೀಸಿಯಾದ ಬಾನ್ ಭೂಶಿರದಿಂದ ಸಿಸಿಲಿಗೆ ಸುಮಾರು 150 ಕಿ.ಮೀ. ನೀರಿನ ಮೇಲೆ ರೆಕ್ಕೆ ಬಡಿದೇ ಬಂದ ಹಕ್ಕಿಗಳಿಗೆ ದಣಿವು ಇರುತ್ತದಲ್ವಾ? ಆದಷ್ಟು ನೆಲದ ಮೇಲೇ ಸಾಗುತ್ತಾ ದ್ವೀಪದ ಈಶಾನ್ಯ ಮೂಲೆಗೆ ಬಂದು ಸೇರುತ್ತವೆ.

ಎಣಿಸುವುದಕ್ಕೆ ಒಂದು ಪದ್ಧತಿ ಇದೆ. ಹಕ್ಕಿಗಳು ಗುಂಪಾಗಿ ಸುತ್ತುತ್ತಿರುವಾಗ ಎಣಿಸಬಾರದು. ಒಂದು ಮೇಲೆ, ಒಂದು ಕೆಳಗೆ, ಒಂದರ ಹಿಂದೆ ಇನ್ನೊಂದು, ಲೆಕ್ಕ ತಪ್ಪಿಯೇ ತಪ್ಪುತ್ತದೆ. ಕಾಯಬೇಕು. ಮೇಲೆ ತಲುಪಿದ ಹಕ್ಕಿಗಳು ಒಂದರ ಹಿಂದೊಂದು ಸಾಲಾಗಿ ಜಾರತೊಡಗಿದಾಗ, ಬೈನಾಕ್ಯುಲರನ್ನು ಒಂದೇ ಕಡೆ ನಿಲ್ಲಿಸಿ, ಅಲ್ಲಿಂದ ಹಾದುಹೋಗುವ ಪ್ರತಿ ಹಕ್ಕಿಗೂ ಕೈಯಲ್ಲಿರುವ ಕ್ಲಿಕ್ಕರ್ ಒತ್ತಬೇಕು. ಸಾಲು ದಟ್ಟವಾದರೆ ಹತ್ತರ ಲೆಕ್ಕ. ಬಿಳಿ ಮೋಡ ಇದ್ದರೆ ಪುಣ್ಯ, ಹಕ್ಕಿ ಕಪ್ಪಗೆ ಎದ್ದು ಕಾಣುತ್ತದೆ. ಒಂದೂ ಮೋಡವಿಲ್ಲದ ನೀಲಿ ಆಕಾಶವೇ ಎಣಿಸುವವರಿಗೆ ಕಷ್ಟ, ಎತ್ತರದಲ್ಲಿ ಹಾರುವ ಹಕ್ಕಿ ಅದರಲ್ಲಿ ಕರಗಿಹೋಗುತ್ತದೆ. ಜೇನುಗಿಡುಗ ಸುತ್ತುವಾಗ ರೆಕ್ಕೆಯನ್ನು ಮಟ್ಟಸವಾಗಿ ಹಿಡಿಯುತ್ತದೆ, ತಲೆ ಸಣ್ಣದು, ಬಾಲ ಉದ್ದ. ಹ್ಯಾರಿಯರ್ ಅನ್ನುವ ಇನ್ನೊಂದು ಬೇಟೆ ಹಕ್ಕಿ ಆದರೆ ರೆಕ್ಕೆಯನ್ನು ಮೇಲಕ್ಕೆ ಎತ್ತಿ ಹಿಡಿಯುತ್ತದೆ. ದೂರದಿಂದ ಬಣ್ಣಕ್ಕಿಂತ ಈ ನಿಲುವೇ ಜಾಸ್ತಿ ಕೆಲಸಕ್ಕೆ ಬರುವುದು.

ಗಾಳಿಯನ್ನೂ ಬರೆದಿಡಬೇಕು. ಎದುರುಗಾಳಿ ಇದ್ದರೆ ಹಕ್ಕಿ ತಗ್ಗಿನಲ್ಲಿ ಹಾರುತ್ತದೆ, ಎಣಿಸುವುದು ಸಲೀಸು. ಗಾಳಿ ಬೆನ್ನಿಗಿದ್ದು ಬಿಸಿಲೂ ಚೆನ್ನಾಗಿದ್ದರೆ ಎಷ್ಟೋ ಹಕ್ಕಿಗಳು ಕಣ್ಣಿಗೆ ಸಿಗದಷ್ಟು ಎತ್ತರದಲ್ಲಿ ಹೋಗಿಬಿಡುತ್ತವೆ. ಇದನ್ನು ಬರೆಯದಿದ್ದರೆ ಇವತ್ತಿನ 200ಕ್ಕೂ ನಾಳೆಯ 2,000ಕ್ಕೂ ಅರ್ಥವೇ ಇರುವುದಿಲ್ಲ.

ಆದರೆ ತಗ್ಗಿನಲ್ಲಿ ಹಾರುವ ಹಕ್ಕಿ ಬಂದೂಕಿಗೂ ಸಿಗುತ್ತದೆ. ಜೇನುಗಿಡುಗ ಹೊಡೆಯದ ಗಂಡಸಿನ ಹೆಂಡತಿ ಅವನಿಗೆ ಮೋಸ ಮಾಡುತ್ತಾಳೆ ಅನ್ನುವ ನಂಬಿಕೆ ಜಲಸಂಧಿಯ ಎರಡೂ ದಡದಲ್ಲಿತ್ತು. ಹಕ್ಕಿ ಹೊಡೆಯುವುದಕ್ಕೆಂದೇ ಗುಡ್ಡಗಳ ಮೇಲೆ ಕಾಂಕ್ರೀಟ್ ಗೂಡುಗಳನ್ನು ಕಟ್ಟಿಕೊಂಡಿದ್ದರು. 1977ರಲ್ಲಿ ಕಾನೂನು ನಿಷೇಧಿಸಿದರೂ ನಿಲ್ಲಲಿಲ್ಲ. 1981ರಲ್ಲಿ 15 ವರ್ಷದ ಅನ್ನಾ ಜೋರ್ದಾನೋ ತನ್ನೂರಿನ ಬೆಟ್ಟದಲ್ಲಿ ಈ ಕೊಲೆ ನೋಡಿ ಇದನ್ನು ತಡೆಯಿರಿ ಅಂತ ಪೊಲೀಸರ, ಅರಣ್ಯದವರ ಬೆನ್ನು ಹತ್ತಲು ಶುರುಮಾಡಿದರು. 1984ರಲ್ಲಿ ಕಾವಲು ಶಿಬಿರ ಹೂಡಿದಾಗ ಕಂಡದ್ದು 3,000 ಚಿಲ್ಲರೆ ಹಕ್ಕಿ, ಕೇಳಿಸಿದ್ದು ಸಾವಿರಕ್ಕೂ ಹೆಚ್ಚು ಗುಂಡು. ಎರಡನ್ನೂ ಬರೆದಿಟ್ಟರು. ಬೆದರಿಕೆ ಬಂತು, ಕಾರಿಗೆ ಬೆಂಕಿ ಬಿತ್ತು, ಆಕೆ ಬಿಡಲಿಲ್ಲ. 1998ರಲ್ಲಿ ಅವರಿಗೆ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಸಿಕ್ಕಿತು. ಗುಂಡಿನ ಸದ್ದು ತುಂಬಾ ಕಡಿಮೆಯಾಗಿದೆ, ಎಣಿಕೆ 30,000 ದಾಟಿದ ವಸಂತಗಳೂ ಬಂದಿವೆ. ಇಡೀ ಏರಿಕೆ ಹಕ್ಕಿ ಹೆಚ್ಚಿದ್ದರಿಂದಲೇ ಆದದ್ದು ಅಂತ ಹೇಳುವ ಹಾಗಿಲ್ಲ, ಎಣಿಸುವ ಜನ, ಗಂಟೆ, ಜಾಗ ಎಲ್ಲವೂ ಹೆಚ್ಚಿವೆ. ಅದಕ್ಕೇ ಒಟ್ಟು ಸಂಖ್ಯೆಯ ಜೊತೆ ಎಷ್ಟು ಜನ, ಎಷ್ಟು ಹೊತ್ತು ನಿಂತರು ಅನ್ನುವುದನ್ನೂ ಬರೆಯುವುದು, ಒಂದೂ ಹಕ್ಕಿ ಬಾರದ ದಿನದ ಸೊನ್ನೆಯನ್ನೂ ಬಿಡದಿರುವುದು.

ಶರತ್ಕಾಲದ ಎಣಿಕೆಗಿಂತ ವಸಂತದ ಎಣಿಕೆಗೆ ತೂಕ ಜಾಸ್ತಿ ಅಂತ ನನಗನಿಸುವುದು ಇದಕ್ಕೆ: ಶರತ್ಕಾಲದಲ್ಲಿ ದಕ್ಷಿಣಕ್ಕೆ ಹೋಗುವ ಗುಂಪಿನಲ್ಲಿ ಆ ವರ್ಷದ ಮರಿಗಳೂ ಇರುತ್ತವೆ. ಅವುಗಳಲ್ಲಿ ಎಷ್ಟೋ ದಾರಿಯಲ್ಲೇ ಸಾಯುತ್ತವೆ. ಬದುಕಿದವೂ ಮೊದಲ ವಸಂತಕ್ಕೆ ಸಾಮಾನ್ಯವಾಗಿ ಮರಳುವುದಿಲ್ಲ, ಆಫ್ರಿಕಾದಲ್ಲೇ ಉಳಿಯುತ್ತವೆ. ಮೇ ತಿಂಗಳಲ್ಲಿ ಮೆಸ್ಸಿನಾ ದಾಟುವವು ಬಹುಪಾಲು ಸಹಾರಾವನ್ನೂ ಸಮುದ್ರವನ್ನೂ ಗೆದ್ದು ಬಂದ, ಇನ್ನು ಕೆಲವೇ ವಾರಗಳಲ್ಲಿ ಗೂಡು ಕಟ್ಟಲಿರುವ ದೊಡ್ಡ ಹಕ್ಕಿಗಳು. ಜೇನುಗಿಡುಗ ವರ್ಷಕ್ಕೆ ಸಾಮಾನ್ಯವಾಗಿ ಇಡುವುದು ಎರಡೇ ಮೊಟ್ಟೆ. ಇಂಥ ಒಂದು ಹಕ್ಕಿಯನ್ನು ಈ ಬೆಟ್ಟದಲ್ಲಿ ಹೊಡೆದರೆ ಆ ವರ್ಷದ ಒಂದು ಗೂಡೇ ಹೋದಂತೆ.