ಪದ ಪರಿಚಯ: ಸರ್ವರ್ ರಿಫ್ರೆಶ್

ಹಳೆಯ ಸರ್ವರ್ (ಸಂಸ್ಥೆಯ ಡೇಟಾ ಇಟ್ಟುಕೊಂಡು ಉಳಿದ ಕಂಪ್ಯೂಟರ್‌ಗಳಿಗೆ ಒದಗಿಸುವ ಕಂಪ್ಯೂಟರ್) ಪೂರ್ತಿ ಕೈಕೊಡುವ ಮೊದಲೇ ಅದರ ಜಾಗಕ್ಕೆ ಹೊಸದನ್ನು ತಂದು ಕೂರಿಸುವುದನ್ನು ಡೇಟಾ ಸೆಂಟರ್‌ನವರು ಸರ್ವರ್ ರಿಫ್ರೆಶ್ ಅಂತಾರೆ. ಗೂಗಲ್ 2023ರಿಂದ ತನ್ನ ಸರ್ವರ್‌ಗಳ ಬಾಳಿಕೆಯನ್ನು ಆರು ವರ್ಷ ಎಂದು ಲೆಕ್ಕ ಹಿಡಿಯುತ್ತಿದೆ. ನಮ್ಮ ಶಿವಮೊಗ್ಗದ ಕಡೆ ಕಾಲೇಜು, ಆಸ್ಪತ್ರೆ, ಸಹಕಾರ ಸಂಘಗಳ ಸರ್ವರ್ ರೂಮಿನಲ್ಲಿ ಹತ್ತು ವರ್ಷ ದಾಟಿದ್ದು ಓಡುತ್ತಿದ್ದರೂ ಆಶ್ಚರ್ಯವಿಲ್ಲ. "ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ದುಡ್ಡು ಹಾಕೋದು?" ಅಂತ ಕೇಳುವವರೇ ಜಾಸ್ತಿ. ಆದರೆ ಅದೇನು ಪುಕ್ಕಟೆ ಓಡುತ್ತಿಲ್ಲ.

ಕರೆಂಟಿನ ಲೆಕ್ಕವನ್ನೇ ನೋಡಿ. 400 ವ್ಯಾಟ್ ಎಳೆಯುವ ಸರ್ವರ್ ವರ್ಷವಿಡೀ ಓಡಿದರೆ 3504 ಯೂನಿಟ್ ಆಗುತ್ತದೆ. ಆ ಬಿಸಿ ಇಳಿಸಲು ಎಸಿ ತಿನ್ನುವುದು ಬೇರೆ. ಮಳೆಗಾಲದಲ್ಲಿ ಮಲೆನಾಡು ತಂಪಾಗಿರುತ್ತದೆ ಅಂತ ಕಿಟಕಿ ತೆಗೆದಿಡುವ ಹಾಗಿಲ್ಲ, ಒಳಗೆ ಬರುವುದು ಒದ್ದೆ ಗಾಳಿ. ಹಳೆಯ ಸರ್ವರ್‌ಗಳ ಇನ್ನೊಂದು ತೊಂದರೆ ಎಂದರೆ, ಕೆಲಸವಿಲ್ಲದೆ ಕೂತಾಗಲೂ ಅವು ಎಳೆಯುವ ಕರೆಂಟ್ ಅಷ್ಟೇನೂ ಇಳಿಯುವುದಿಲ್ಲ. ಹೊಸ ಪ್ರೊಸೆಸರ್‌ಗಳು ಬಿಡುವಿದ್ದಾಗ ತಾವೇ ತಗ್ಗುತ್ತವೆ. ಜೊತೆಗೆ ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಜಾಸ್ತಿ, ಮೆಮೊರಿ ಜಾಸ್ತಿ. ಹಾಗಾಗಿ ಐದು ಹಳೆಯ ಸರ್ವರ್‌ಗಳ ಕೆಲಸವನ್ನು ವರ್ಚುವಲ್ ಮಷೀನ್ (ಒಂದು ಕಂಪ್ಯೂಟರ್ ಒಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಬೇರೆ ಕಂಪ್ಯೂಟರ್) ಮಾಡಿ ಒಂದೇ ಹೊಸ ಸರ್ವರ್‌ಗೆ ಹಾಕಬಹುದು.

ನಮ್ಮ ಊರುಗಳಿಗೆ ಇದರ ನಿಜವಾದ ಲಾಭ ಗೊತ್ತಾಗುವುದು ಜುಲೈ ತಿಂಗಳಲ್ಲಿ. ತೀರ್ಥಹಳ್ಳಿ, ಹೊಸನಗರದ ಕಡೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೆ ಅಂತ ಹೇಳುವುದು ಕಷ್ಟ. ತಲಾ 300 ವ್ಯಾಟಿನ ಐದು ಸರ್ವರ್ ಅಂದರೆ ಯುಪಿಎಸ್ ಮೇಲೆ 1500 ವ್ಯಾಟ್ ಲೋಡು. ಆ ಜಾಗದಲ್ಲಿ 500 ವ್ಯಾಟಿನದೊಂದು ಬಂದರೆ ಅದೇ ಬ್ಯಾಟರಿ ಮೂರು ಪಟ್ಟು ಹೊತ್ತು ಬರುತ್ತದೆ. ಜನರೇಟರ್ ಹತ್ತಿಸಲು, ಇಲ್ಲವೇ ಎಲ್ಲವನ್ನೂ ನೆಟ್ಟಗೆ ಶಟ್‌ಡೌನ್ ಮಾಡಲು ಸಮಯ ಸಿಗುತ್ತದೆ.

ಕರೆಂಟ್ ವಾಪಸ್ ಬಂದ ಮೇಲೂ ಭಯ ಇದ್ದೇ ಇರುತ್ತದೆ. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಹಾರ್ಡ್ ಡಿಸ್ಕ್ ಒಮ್ಮೆ ನಿಂತು ತಣ್ಣಗಾದರೆ ಮತ್ತೆ ಏಳದೇ ಇರಬಹುದು. ಉಳಿದ ಡಿಸ್ಕ್‌ಗಳ ಹಸಿರು ದೀಪದ ನಡುವೆ ಒಂದರದ್ದು ಮಾತ್ರ ಕಿತ್ತಳೆಯಾಗಿ ಮಿನುಗುತ್ತಿರುತ್ತದೆ. ರೇಯ್ಡ್ (ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುವ ಹಾಗೆ ಹಲವು ಡಿಸ್ಕ್‌ಗಳಲ್ಲಿ ಇಡುವ ವ್ಯವಸ್ಥೆ) ಇದ್ದರೆ ಡೇಟಾ ಸದ್ಯಕ್ಕೆ ಉಳಿಯಿತು. ಆದರೆ ಆ ಹಳೆಯ ಮಾಡೆಲ್‌ನ ಡಿಸ್ಕ್ ಶಿವಮೊಗ್ಗದಲ್ಲಿ ಎಲ್ಲಿ ಸಿಗಬೇಕು? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಹುಡುಕಿಸಬೇಕು. ಅದು ಬಂದು ಸೇರುವಷ್ಟರಲ್ಲಿ ಎರಡನೇ ಡಿಸ್ಕ್ ಹೋದರೆ ಕಥೆ ಮುಗಿದಂತೆಯೇ, ಅಲ್ವಾ? ವಾರಂಟಿ ಇರುವ ಹೊಸ ಸರ್ವರ್, ಅದರಲ್ಲಿ ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಇದ್ದರೆ ಈ ಒದ್ದಾಟ ಎಷ್ಟೋ ಕಡಿಮೆ.

ಭದ್ರತೆಯ ಮಾತೂ ಇದೆ. ಸರ್ವರ್ ನಡೆಸುವ ಆಪರೇಟಿಂಗ್ ಸಿಸ್ಟಮ್‌ಗಳಲ್ಲಿ (ಓಎಸ್) ವಿಂಡೋಸ್ ಸರ್ವರ್ 2012ರ ಮಾಮೂಲಿ ಭದ್ರತಾ ಅಪ್‌ಡೇಟ್ 2023ರ ಅಕ್ಟೋಬರ್‌ಗೆ, ಸೆಂಟ್‌ಓಎಸ್ 7ರದ್ದು 2024ರ ಜೂನ್‌ಗೆ ಮುಗಿಯಿತು. ಹೊಸ ಓಎಸ್ ಹಾಕೋಣ ಅಂದರೆ ಹಳೆಯ ಪ್ರೊಸೆಸರ್ ಒಪ್ಪದೇ ಇರಬಹುದು.

ಕೊಳ್ಳುವಾಗ ಒಂದು ಎಚ್ಚರ ಬೇಕು. ವಿಂಡೋಸ್ ಸರ್ವರ್ ಲೈಸೆನ್ಸನ್ನು ಕೋರ್ ಲೆಕ್ಕದಲ್ಲಿ ಮಾರುತ್ತಾರೆ, ಒಂದು ಸರ್ವರ್‌ಗೆ ಕನಿಷ್ಠ 16 ಕೋರ್. ದೊಡ್ಡದಿರಲಿ ಅಂತ 64 ಕೋರ್ ತಂದರೆ ಲೈಸೆನ್ಸ್ ಖರ್ಚೇ ಭಾರವಾಗುತ್ತದೆ. ಸಣ್ಣ ಸಂಸ್ಥೆಗೆ 16 ಕೋರ್ ಧಾರಾಳ ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೆಲಸಗಳೆಲ್ಲ ಒಂದೇ ಸರ್ವರ್‌ಗೆ ಬಂದ ಮೇಲೆ ಬ್ಯಾಕಪ್ ಬೇರೆ ಕಟ್ಟಡದಲ್ಲಿ ಇರಲೇಬೇಕು.

ಇನ್ನು ಹಳೆಯದನ್ನು "ಇರಲಿ ಬಿಡಿ" ಅಂತ ಆನ್ ಮಾಡಿಯೇ ಇಟ್ಟರೆ ಕರೆಂಟಿನ ಉಳಿತಾಯವೆಲ್ಲ ಅಲ್ಲಿಗೇ ಹೋಯಿತು. ಡೇಟಾ ಹೊಸದಕ್ಕೆ ಸರಿಯಾಗಿ ಬಂದಿದೆಯಾ ಅಂತ ಪರೀಕ್ಷಿಸಿ, ಆಮೇಲೆ ಹಳೆಯದನ್ನು ಆಫ್ ಮಾಡಿ. ಡಿಸ್ಕ್‌ನಲ್ಲಿರುವ ಸದಸ್ಯರ ಖಾತೆ, ರೋಗಿಗಳ ವಿವರಗಳನ್ನು ಮತ್ತೆ ತೆಗೆಯಲಾಗದ ಹಾಗೆ ಅಳಿಸಿ. ಗುಜರಿಗೆ ಹಾಕಬೇಡಿ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ.