ಎದೆಯ ನೀರು ಮತ್ತೆ ಮತ್ತೆ ತುಂಬುತ್ತಿದ್ದರೆ

ಎದೆಯಲ್ಲಿ ನೀರು ತುಂಬಿದೆ ಎಂದು ಬರುವ ಹಿರಿಯರನ್ನು ನಾನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ವಯಸ್ಸಿನಲ್ಲಿದ್ದಾಗ ಏನು ಕೆಲಸ ಮಾಡ್ತಿದ್ರಿ?" ಉಸಿರಿನ ತೊಂದರೆಗೂ ಆ ಕಾಲದ ಕೆಲಸಕ್ಕೂ ಏನು ಸಂಬಂಧ ಎಂದು ಕೆಲವರಿಗೆ ಆಶ್ಚರ್ಯ. ಸಂಬಂಧ ಇದೆ. ಆಗ ಉಸಿರಿನ ಜೊತೆ ಒಳಹೋದ ಕಲ್ನಾರಿನ (ಆಸ್ಬೆಸ್ಟಾಸ್) ಧೂಳಿನಿಂದ ಬರುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 50 ವರ್ಷ ಹಿಡಿಯುತ್ತದೆ.

ಶ್ವಾಸಕೋಶವನ್ನು ತೆಳುವಾದ ಪೊರೆ ಸುತ್ತಿಕೊಂಡಿರುತ್ತದೆ. ಅದೇ ಪೊರೆ ಎದೆಗೂಡಿನ ಒಳಮೈಗೂ ಹೊದ್ದುಕೊಂಡಿದೆ. ನಾವು ಇದನ್ನು ಪ್ಲೂರಾ ಎನ್ನುತ್ತೇವೆ. ಉಸಿರಾಡುವಾಗ ಎರಡು ಪದರಗಳೂ ಸಲೀಸಾಗಿ ಜಾರಲೆಂದು ನಡುವೆ ಸ್ವಲ್ಪವೇ ದ್ರವ ಇರುತ್ತದೆ. ಎದೆಯ ನೀರು ತುಂಬುವುದೂ ಇಲ್ಲೇ. ಮೀಸೋಥೀಲಿಯೋಮಾ ಹೆಚ್ಚಾಗಿ ಹುಟ್ಟುವುದು ಈ ಪೊರೆಯಲ್ಲಿ, ಶ್ವಾಸಕೋಶದ ಒಳಗಲ್ಲ. ಸಿಗರೇಟು ಇದಕ್ಕೆ ಕಾರಣವಲ್ಲ. ಹಾಗೆಂದು ಸೇದುತ್ತಲೇ ಇರಬೇಡಿ. ಕಲ್ನಾರಿನ ಧೂಳಿನ ಜೊತೆ ಹೊಗೆಯೂ ಸೇರಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಬಹಳ ಜಾಸ್ತಿ ಆಗುತ್ತದೆ.

ಕಲ್ನಾರು ನಾರಿನಂತಿರುವ ಒಂದು ಖನಿಜ. ಇದರ ಎಳೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಿನ ಜೊತೆ ಒಳಗೆ ಹೋಗಿ ಪೊರೆಯವರೆಗೂ ತಲುಪುತ್ತವೆ. ದೇಹದ ರಕ್ಷಣಾ ಕೋಶಗಳು ಅವನ್ನು ನುಂಗಲು ನೋಡುತ್ತವೆ. ಆದರೆ ಉದ್ದದ ಎಳೆ ಕೋಶಕ್ಕಿಂತಲೂ ಉದ್ದ, ಪೂರ್ತಿ ನುಂಗಲಾಗುವುದಿಲ್ಲ. ಅದು ಕರಗುವುದೂ ಇಲ್ಲ. ಅಲ್ಲೇ ಉಳಿದು ವರ್ಷಗಟ್ಟಲೆ ಉರಿಯೂತ ಉಂಟುಮಾಡುತ್ತದೆ, ಜೀನುಗಳು ಕೆಡುತ್ತವೆ. ಈ ನಂಟನ್ನು ಸ್ಪಷ್ಟವಾಗಿ ತೋರಿಸಿದ ವರದಿ ಬಂದದ್ದು 1960ರಲ್ಲಿ. ದಕ್ಷಿಣ ಆಫ್ರಿಕಾದ ವೈದ್ಯ ಕ್ರಿಸ್ ವ್ಯಾಗ್ನರ್ ಮತ್ತು ಸಂಗಡಿಗರು 33 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಗಣಿಯೊಳಗೆ ದುಡಿಯದೆ, ನೀಲಿ ಕಲ್ನಾರಿನ ಗಣಿಗಳ ಸುತ್ತಮುತ್ತ ಸುಮ್ನೆ ವಾಸವಿದ್ದವರೂ ಇದ್ದರು.

ಆದ್ದರಿಂದ ಹಡಗುಕಟ್ಟೆ, ಬಾಯ್ಲರ್, ಶೀಟು ಕಾರ್ಖಾನೆ, ಬ್ರೇಕ್ ಲೈನಿಂಗ್, ಹಳೆ ಕಟ್ಟಡ ಒಡೆಯುವ ಕೆಲಸ ಇವನ್ನಷ್ಟೇ ಕೇಳಿದರೆ ಸಾಲದು. ಕೆಲಸದ ಬಟ್ಟೆಗೆ ಅಂಟಿದ ಧೂಳು ಮನೆಗೂ ಬರುತ್ತದೆ. ಆ ಬಟ್ಟೆ ಕೊಡವಿ ಒಗೆದ ಹೆಂಡತಿಗೆ ಕಾಯಿಲೆ ಬಂದ ಉದಾಹರಣೆಗಳಿವೆ. ಹೆಂಗಸರಿಗೆ ಈ ಪ್ರಶ್ನೆ ಕೇಳುವುದೇ ಕಡಿಮೆ, ಇದು ನನ್ನನ್ನು ಬಹಳ ಕಾಡುತ್ತದೆ. ವೈದ್ಯರು ಕೇಳದಿದ್ದರೂ ನೀವೇ ಹೇಳಿ. ನಿಮ್ಮ ಕೆಲಸ, ಗಂಡನ ಕೆಲಸ, ಅಪ್ಪನ ಕೆಲಸ ಎಲ್ಲವನ್ನೂ.

ಲಕ್ಷಣಗಳು ಸದ್ದಿಲ್ಲದೆ ಶುರುವಾಗುತ್ತವೆ. ಮೆಟ್ಟಿಲು ಹತ್ತಿದರೆ ಏದುಸಿರು. ಒಂದೇ ಪಕ್ಕದಲ್ಲಿ ಮಂದವಾದ ನೋವು, ಕೆಲವೊಮ್ಮೆ ಭುಜದವರೆಗೂ. ಒಣಕೆಮ್ಮು, ಸುಸ್ತು, ಕಾರಣವಿಲ್ಲದೆ ತೂಕ ಇಳಿಯುವುದು. ವಯಸ್ಸಾಯ್ತಲ್ಲ ಎಂದು ಮನೆಯವರೂ ಸುಮ್ಮನಾಗಿಬಿಡುತ್ತಾರೆ. ಎಕ್ಸ್‌ರೇ ತೆಗೆದಾಗ ಸಾಮಾನ್ಯವಾಗಿ ಒಂದು ಪಕ್ಕದಲ್ಲಿ ನೀರು ಕಾಣುತ್ತದೆ. ಸೂಜಿ ಹಾಕಿ ತೆಗೆದರೆ ಬೇಗನೆ ಹಾಯೆನಿಸುತ್ತದೆ. ತೊಂದರೆ ಇರುವುದು ಇಲ್ಲೇ. ವಾಸಿಯಾಯಿತು ಅಂದುಕೊಂಡು ಕೆಲವರು ಮತ್ತೆ ಬರುವುದೇ ಇಲ್ಲ. ಕೆಲವು ವಾರಗಳಲ್ಲಿ ನೀರು ಮತ್ತೆ ತುಂಬಿರುತ್ತದೆ.

ಇನ್ನೊಂದು ಕಡೆಯೂ ದಾರಿ ತಪ್ಪಬಹುದು. ಕ್ಷಯದಿಂದಲೂ ಹೀಗೇ ನೀರು ತುಂಬುತ್ತದೆ, ಎರಡರಲ್ಲೂ ನೀರಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕೋಶಗಳು ಹೆಚ್ಚಿರಬಹುದು. ಕ್ಷಯ ಹೆಚ್ಚಿರುವ ಕಡೆ ಅದರ ಔಷಧ ಶುರುವಾಗುವುದು ಸಹಜ. ಆದರೆ ಔಷಧ ನಡೆಯುತ್ತಿದ್ದರೂ ನೀರು ತುಂಬುತ್ತಲೇ ಇದ್ದರೆ, ನೋವು ಏರುತ್ತಿದ್ದರೆ, ಕಾಯಬಾರದು. "ನೀರಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಕೋಶ ಇಲ್ಲ ಅಂತ ಬಂದಿದೆ ಡಾಕ್ಟ್ರೇ" ಎಂದು ಸಮಾಧಾನದಿಂದ ಹೇಳುವವರಿದ್ದಾರೆ. ಮೀಸೋಥೀಲಿಯೋಮಾದಲ್ಲಿ ಆ ಪರೀಕ್ಷೆಗೆ ಎಷ್ಟೋ ಸಲ ಏನೂ ಸಿಗುವುದಿಲ್ಲ. ಪೊರೆಯ ತುಣುಕೇ ಬೇಕು. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ನೋಡಿಯೇ ತುಣುಕು ತೆಗೆಯುತ್ತಾರೆ. ಇದಕ್ಕೆ ಥೊರಾಕೋಸ್ಕೋಪಿ ಎಂದು ಹೆಸರು.

ಸ್ಕ್ಯಾನಿನಲ್ಲಿ ಪ್ಲೂರಲ್ ಪ್ಲಾಕ್ ಎಂದು ಬರೆದಿದ್ದರೆ ಹೆದರಬೇಡಿ. ಅದು ಪೊರೆ ಅಲ್ಲಲ್ಲಿ ದಪ್ಪಗಾಗಿ ಉಳಿದ ಹಳೆಯ ಧೂಳಿನ ಗುರುತು, ಕ್ಯಾನ್ಸರ್ ಅಲ್ಲ. ಕಲ್ನಾರಿನ ಜೊತೆ ದುಡಿದವರಲ್ಲೂ ಬಹುತೇಕರಿಗೆ ಮೀಸೋಥೀಲಿಯೋಮಾ ಬರುವುದಿಲ್ಲ.

ಬಂದರೆ, ಪೂರ್ತಿ ಗುಣವಾಗುವುದು ಅಪರೂಪ. ಇದನ್ನು ಮುಚ್ಚಿಡುವುದು ಸರಿಯಲ್ಲ. ಪೆಮೆಟ್ರೆಕ್ಸೆಡ್ ಜೊತೆ ಸಿಸ್‌ಪ್ಲಾಟಿನ್ ಕೊಡುವ ಕೀಮೋ ಬಹಳ ವರ್ಷಗಳಿಂದ ಇದೆ. 2020ರಿಂದ ನಿವೋಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಎಂಬ ಇಮ್ಯುನೋಥೆರಪಿ (ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧ) ಜೋಡಿಯೂ ಬಳಕೆಗೆ ಬಂದಿದೆ. ಶಸ್ತ್ರಚಿಕಿತ್ಸೆ ಆಯ್ದ ಕೆಲವರಿಗೆ ಮಾತ್ರ. ಆದರೆ ಉಸಿರಾಟ ಹಗುರ ಮಾಡುವ ದಾರಿಗಳು ಹೆಚ್ಚಿನವರಿಗೆ ಸಿಗುತ್ತವೆ. ಟಾಲ್ಕ್ ಪುಡಿ ಹಾಕಿ, ನಡುವೆ ನೀರು ತುಂಬದಂತೆ ಪ್ಲೂರಾದ ಪದರಗಳನ್ನು ಅಂಟಿಸಬಹುದು. ಇಲ್ಲವೇ ತೆಳು ಕೊಳವೆ ಇಟ್ಟು ಮನೆಯಲ್ಲೇ ನೀರು ತೆಗೆಯಬಹುದು. ಇದನ್ನೂ ನೋವಿನ ಔಷಧವನ್ನೂ ಕೊನೆಯ ಹಂತಕ್ಕೆ ಅಂತ ಎತ್ತಿಡಬಾರದು. ರೋಗ ಗೊತ್ತಾದ ವಾರವೇ ಶುರುಮಾಡಿ ಎಂದು ವೈದ್ಯರನ್ನು ಕೇಳಿ.